ಮುಸುಕಿನ ಗೂಳಿಯ ಎಡಗಿವಿ

ರಿಪೇರಿಯವರ ಎಡಗಿವಿಯ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಬಲಗಿವಿ ಎಲ್ಲರಿಗೂ ಇರುವಂಥದ್ದೇ. ಎಡಗಿವಿ ಮಾತ್ರ ಮೇಲಿನಿಂದ ಒಳಕ್ಕೆ ಮಡಚಿಕೊಂಡು, ಅಂಚು ದಪ್ಪಗಟ್ಟಿ, ಯಾರೋ ಹಿಟ್ಟು ನಾದುತ್ತಾ ಅರ್ಧಕ್ಕೇ ಎದ್ದುಹೋದಂತೆ ಕಾಣುತ್ತಿತ್ತು. ಮೂವತ್ತೆರಡು ವರ್ಷದಿಂದ ಅದು ಹಾಗೇ ಇತ್ತು. ಕನ್ನಡಕದ ಕಡ್ಡಿ ಆ ಕಡೆ ನಿಲ್ಲುವುದಿಲ್ಲ ಎನ್ನುವುದೊಂದನ್ನು ಬಿಟ್ಟರೆ ಅದರಿಂದ ಅವರಿಗೆ ತೊಂದರೆಯೇನೂ ಇರಲಿಲ್ಲ.

ರಿಪೇರಿಯವರು ಎಂದರೆ ರೇಡಿಯೋ, ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡುತ್ತಿದ್ದವರು. ಜನ ಕೆಟ್ಟದ್ದನ್ನು ಸರಿಮಾಡಿಸುವುದು ಬಿಟ್ಟು ಹೊಸದನ್ನು ಕೊಳ್ಳಲು ಶುರುಮಾಡಿದ ಮೇಲೆ ಅಂಗಡಿ ಮುಚ್ಚಿದರು. ಹೆಂಡತಿ ತೀರಿಕೊಂಡ ಮೇಲೆ ಹಳೇ ಮನೆ ಬಿಟ್ಟು, ಊರಿನ ಇನ್ನೊಂದು ತುದಿಯ ಈ ನಾಲ್ಕು ಅಂತಸ್ತಿನ ಕಟ್ಟಡದ ಮೂರನೇ ಮಹಡಿಗೆ ಬಂದರು. ಬಂದು ಆರು ವರ್ಷ. ಈ ಆರು ವರ್ಷದಲ್ಲಿ ಕಟ್ಟಡದವರು ಅವರ ಜೊತೆ ಆಡಿದ ಮಾತುಗಳನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು, ವಿಳಾಸಕ್ಕೂ ಜಾಗ ಉಳಿಸಬಹುದಿತ್ತು. ಅದರಲ್ಲೂ ಅರ್ಧ ಮಾತು ಕಟ್ಟಡದ ನಿವಾಸಿಗಳ ಸಂಘದ ಸೆಕ್ರೆಟರಿಯದು: “ರಿಪೇರಿಯವ್ರೇ, ರೇಡಿಯೋ ಸ್ವಲ್ಪ ಸಣ್ಣ ಮಾಡಿ.”

ರೇಡಿಯೋ ವಿಷಯದಲ್ಲಿ ಸೆಕ್ರೆಟರಿ ಹೇಳುವುದರಲ್ಲಿ ತಪ್ಪಿರಲಿಲ್ಲ. ರಿಪೇರಿಯವರ ಎರಡು ಕೋಣೆಯಲ್ಲಿ ಹನ್ನೊಂದು ರೇಡಿಯೋಗಳಿದ್ದವು. ಸಂಜೆಯಾದರೆ ಮೂರನ್ನು ಒಳಗಿನ ಕೋಣೆಯಲ್ಲಿ ಒಟ್ಟಿಗೆ ಹಚ್ಚಿ, ಬೇರೆ ಬೇರೆ ಸ್ಟೇಷನ್ನಿಗೆ ತಿರುಗಿಸಿ, ಬಾಗಿಲು ಮುಂದೆ ಮಾಡಿ, ಹೊರಗಿನ ಕೋಣೆಯಲ್ಲಿ ಕೂರುತ್ತಿದ್ದರು. ಹಾಗೆ ಮಾಡಿದರೆ ಒಳಗೆ ನಾಲ್ಕು ಜನ ಮಾತಾಡಿಕೊಂಡು ಕೂತಂತೆ ಕೇಳುತ್ತದೆ. ಮನುಷ್ಯನಿಗೆ ಇಂಥ ಉಪಾಯ ಹೊಳೆಯಬೇಕಾದರೆ ಅವನಿಗೆ ಎಷ್ಟು ಬೇಜಾರಾಗಿರಬೇಕು ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಇನ್ನು ಕಟಿಂಗ್ ಶಾಪು. ಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ಹಳಬರು, ರಿಪೇರಿಯವರ ಎಡಗಿವಿ ಬಂದಾಗ ರಸ್ತೆ ನಡುವಿನ ಮರವನ್ನು ಬಳಸಿ ಹೋಗುವ ಗಾಡಿಯ ಹಾಗೆ ಕತ್ತರಿಯನ್ನು ಸುಮ್ಮನೆ ಬಳಸಿಕೊಂಡು ಹೋಗುತ್ತಿದ್ದರು. ಅವರಿಗೆ ಕಣ್ಣು ಮಂಜಾಗಿ ಅಂಗಡಿಯನ್ನು ಮಗಳ ಗಂಡನಿಗೆ ಬಿಟ್ಟುಕೊಟ್ಟರು. ಮಾವನ ಅಂಗಡಿ ನೋಡಿಕೊಳ್ಳಲು ಬಂದವನಾದ್ದರಿಂದ ಬೀದಿಗೆಲ್ಲ ಅವನು ‘ಅಳಿಯ’. ಕೈಯಲ್ಲಿ ಕೆಲಸ ಚೆನ್ನಾಗಿತ್ತು. ತಲೆಯಲ್ಲಿ ಮಾತ್ರ ಕುಸ್ತಿ ಬಿಟ್ಟು ಬೇರೇನೂ ಇರಲಿಲ್ಲ. ಬಂದ ವಾರವೇ ಕನ್ನಡಿಯ ಸುತ್ತ ಹಳೇ ಪೈಲ್ವಾನರ ಪಟ ಅಂಟಿಸಿ, ಗಿರಾಕಿಗೆ ತನ್ನ ಮುಖ ನೋಡಿಕೊಳ್ಳಲು ಅಂಗೈಯಗಲ ಜಾಗ ಬಿಟ್ಟಿದ್ದ.

ಅವನ ಕುರ್ಚಿಯಲ್ಲಿ ರಿಪೇರಿಯವರು ಮೊದಲ ಸಲ ಕೂತ ದಿನ, ಕತ್ತರಿ ಎಡಗಡೆ ಬಂದದ್ದೇ ನಿಂತುಹೋಯಿತು.

“ಸಾರ್! ಈ ಕಿವಿ!”

“ಏನಾಯ್ತಪ್ಪ, ಕತ್ತರಿಸಿಬಿಟ್ಯಾ?”

“ಇದು ಪೈಲ್ವಾನರ ಕಿವಿ ಸಾರ್. ಕುಸ್ತೀಲಿ ಪೆಟ್ಟು ಬಿದ್ದು ಬಿದ್ದು ಹೀಗೇ ಮಡಚಿಕೊಳ್ಳುತ್ತೆ. ಗುರುತು ಹಿಡಿಯೋಕೆ ಆಗಲ್ವಾ ನನಗೆ? ಎಲ್ಲಿ ಆಗಿದ್ದು ಇದು?”

“ಓ, ಅದಾ? ಕುಸ್ತೀಲೇ ಆಗಿದ್ದು. ಹಿಂದೆ ಒಂದ್ಸಲ ದೊಡ್ಡಾಸ್ಪತ್ರೆ ಮಕ್ಕಳ ವಾರ್ಡಿನ ಸೂರು ಗಾಳಿಗೆ ಹಾರಿಹೋಗಿತ್ತು ನೋಡು, ಅದನ್ನ ಕಟ್ಟಿಸೋಕೆ ಅಂತ ಟೌನ್ ಹಾಲಲ್ಲಿ ಸಹಾಯಾರ್ಥ ಕುಸ್ತಿ ಇಟ್ಟಿದ್ರು. ರೋಡ್ ರೋಲರ್ ಅಂತ ಒಬ್ಬ ದೈತ್ಯ ಬಂದಿದ್ದ. ಅವನು ಬಿದ್ದ ರಭಸಕ್ಕೆ...”

ಇಲ್ಲಿಗೆ ಅಳಿಯನ ಕೈಯ ಬ್ರಷ್ಷು ನೊರೆಯ ಸಮೇತ ಅವರ ತುಟಿಯ ಮೇಲೆ ಬಂತು. ಉಳಿದ ಮಾತು ಹೊರಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ಮಾತು ಇಷ್ಟೇ: ಅಂಥ ಕುಸ್ತಿಗಳಲ್ಲಿ ರಿಂಗಿನ ಹಲಗೆಯ ಕೆಳಗೆ ಒಂದು ಮೈಕು ಇಡುತ್ತಾರೆ. ಮೇಲೆ ಒಬ್ಬ ಬಿದ್ದರೆ ಹಾಲಿಗೆಲ್ಲ ಗುಡುಗಿದ ಹಾಗೆ ಕೇಳಬೇಕಲ್ಲ, ಅದಕ್ಕೆ. ಆ ದಿನ ಆ ಮೈಕು ಕೆಟ್ಟಿತು. ಸರಿಮಾಡಲು ರಿಪೇರಿಯವರು ರಿಂಗಿನ ಕೆಳಗೆ ತೆವಳಿಕೊಂಡು ಹೋದರು. ರೋಡ್ ರೋಲರ್ ಮೇಲೆ ಬಿದ್ದ, ಹಲಗೆ ಬಗ್ಗಿತು, ಅಡ್ಡತೊಲೆ ಬಂದು ಕಿವಿಗೆ ಬಡಿಯಿತು. ಇಷ್ಟನ್ನು ಹೇಳಲು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಬ್ರಷ್ಷಿನ ಹಿಂದೆಯೇ ಕತ್ತಿ ಬಂತು. ಮೇಲ್ದುಟಿಯ ಮೇಲೆ ಕತ್ತಿ ಓಡುತ್ತಿರುವಾಗ ಸತ್ಯ ಹೇಳುವ ಧೈರ್ಯ ಯಾರಿಗಿದೆ?

ಕತ್ತಿ ಕೆಳಗಿಡುವ ಹೊತ್ತಿಗೆ ಅಳಿಯ ಬೆಂಚಿನ ಮೇಲೆ ಕಾಯುತ್ತಿದ್ದ ಮೂವರಿಗೂ ಅರ್ಥ ವಿವರಿಸಿ ಮುಗಿಸಿದ್ದ. “ಆ ದಿನ ರೋಡ್ ರೋಲರ್ ಎದುರಿಗೆ ಆಡಿದ್ದು ಒಬ್ಬನೇ ಒಬ್ಬ. ಮುಸುಕಿನ ಗೂಳಿ! ತಲೇಲಿಂದ ಕತ್ತಿನವರೆಗೂ ಕರೀ ಮುಸುಕು. ನಮ್ಮಪ್ಪ ಹೇಳ್ತಿದ್ರು, ಗೆದ್ದು ಹಿಂದಿನ ಬಾಗಿಲಿಂದ ಹೋದೋನು ಮತ್ತೆ ಯಾರ ಕಣ್ಣಿಗೂ ಬೀಳ್ಲಿಲ್ಲ ಅಂತ. ಇವತ್ತು ನನ್ನ ಕುರ್ಚೀಲಿ ಕೂತವ್ರೆ!”

ರಿಪೇರಿಯವರು ಟವೆಲಿನಿಂದ ಬಾಯಿ ಒರೆಸಿಕೊಂಡು “ಅಲ್ಲಪ್ಪ...” ಎಂದರು. ಅಷ್ಟರಲ್ಲಿ ಬೆಂಚಿನವರು ಮೂವರೂ ಎದ್ದು ನಿಂತಿದ್ದರು. ಒಬ್ಬರು ಅವರ ಕೈ ಹಿಡಿದು ಕುಲುಕಿದರು. ಇನ್ನೊಬ್ಬರು ಎದುರಂಗಡಿಗೆ ಕೂಗಿ ಚಹಾ ತರಿಸಿದರು. ಲೋಟ ಬಿಸಿಯಾಗಿತ್ತು. ಇನ್ನೊಬ್ಬರು ಕೊಟ್ಟ ಚಹಾ ಕುಡಿದು ಎಷ್ಟು ಕಾಲವಾಗಿತ್ತೋ ಅವರಿಗೆ ನೆನಪಾಗಲಿಲ್ಲ. ಚಹಾ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡರು. ಆಮೇಲೆ, ನಾಳೆ ಹೇಳಿದರಾಯಿತು ಅಂದುಕೊಂಡರು. ಒಳ್ಳೆಯವರು ಹಳ್ಳಕ್ಕೆ ಬೀಳುವುದು ಸಾಮಾನ್ಯವಾಗಿ ಈ ಎರಡನೇ ಮೆಟ್ಟಿಲಲ್ಲೇ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ರಿಪೇರಿಯವರು ಅಭ್ಯಾಸಬಲದಿಂದ ಒಳಗೆ ಓಡಿ ಮೂರೂ ರೇಡಿಯೋ ಆರಿಸಿ ಬಂದು ಬಾಗಿಲು ತೆಗೆದರು. ಸೆಕ್ರೆಟರಿ ನಿಂತಿದ್ದರು.

“ರೇಡಿಯೋ ಯಾಕೆ ಆರಿಸಿದ್ರಿ? ಇರಲಿ ಬಿಡಿ ಸಾರ್, ನಿಮ್ಮಂಥವರು ಕೇಳದೆ ಇನ್ಯಾರು ಕೇಳ್ಬೇಕು?” ಎನ್ನುತ್ತಾ ಅವರು ಒಳಗೇ ಬಂದುಬಿಟ್ಟರು. ಎದುರು ಮನೆಯ ಟೀಚರಮ್ಮ, ಆರು ವರ್ಷದಿಂದ ಇವರು ಬಾಗಿಲು ತೆಗೆದರೆ ತಮ್ಮದನ್ನು ಮುಚ್ಚುತ್ತಿದ್ದವರು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹಿಂದೆಯೇ ಬಂದರು. ಕೂರಿಸಲು ಮನೆಯಲ್ಲಿ ಇದ್ದದ್ದು ಎರಡು ಕುರ್ಚಿ. ಒಂದರ ಮೇಲೆ ಆರು ವರ್ಷದಿಂದ ಒಂದು ವಾಲ್ವ್ ರೇಡಿಯೋ ಕೂತಿತ್ತು. ಅದನ್ನು ನೆಲಕ್ಕಿಳಿಸಿದರು.

“ಆ ಕುಸ್ತಿ ಹೇಗಿತ್ತು, ಹೇಳಿ ಸಾರ್,” ಎಂದರು ಸೆಕ್ರೆಟರಿ.

ಇಲ್ಲೊಂದು ತೊಡಕಿತ್ತು. ಆ ಕುಸ್ತಿಯನ್ನು ರಿಪೇರಿಯವರು ನೋಡಿಯೇ ಇರಲಿಲ್ಲ. ಇಡೀ ಹೊತ್ತು ಹಲಗೆಯ ಕೆಳಗೆ ಕತ್ತಲಲ್ಲಿ ಮಲಗಿದ್ದವರು ಏನು ನೋಡಿಯಾರು? ಅವರಿಗೆ ಗೊತ್ತಿದ್ದದ್ದು ಸದ್ದು ಮಾತ್ರ. ಸರಿ, ಅದನ್ನೇ ಹೇಳಿದರು.

“ಮೊದಲು ಎರಡು ಸಣ್ಣ ಧಬ್. ಆಮೇಲೆ ಉಜ್ಜಿದ ಹಾಗೆ ಒಂದು ಸರ್‌ರ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಲೆ ಮೇಲೆ ಬಂದು ಕೂತ ಹಾಗೆ ಒಂದು ಧಡಾರ್. ಕಣ್ಣಿಗೆ ಬರೀ ಧೂಳು. ಕತ್ತಲು.”

ಟೀಚರಮ್ಮನ ಕೈಯ ಫ್ಲಾಸ್ಕು ಹಾಗೇ ನಿಂತಿತು. “ಕತ್ತಲಾ?”

“ಮುಸುಕು ಹಾಕಿದ್ರಲ್ಲಮ್ಮ!” ಎಂದು ಸೆಕ್ರೆಟರಿ ಗದರಿದರು. “ಆ ಮುಸುಕಲ್ಲಿ ಇನ್ನೇನು ಕಾಣುತ್ತೆ? ಸದ್ದಿನ ಮೇಲೇ ಆಡಿರೋದು! ಅಬ್ಬಬ್ಬಾ, ಕಣ್ಣು ಕಟ್ಟಿಕೊಂಡು ರೋಡ್ ರೋಲರನ್ನ ಕೆಡವಿದ್ದಾರೆ!”

ಅಲ್ಲಿಂದ ಮುಂದೆ ವಿಷಯ ರಿಪೇರಿಯವರ ಕೈಯಲ್ಲಿರಲಿಲ್ಲ. ಎರಡನೇ ಮಹಡಿಯವರ ಸ್ಕೂಟರ್ ನಿಲ್ಲಿಸುವ ಜಾಗದ ಜಗಳಕ್ಕೆ ಅವರನ್ನು ಕರೆದುಕೊಂಡು ಹೋಗಿ ಸ್ಕೂಟರಿನ ಪಕ್ಕ ಸುಮ್ಮನೆ ನಿಲ್ಲಿಸಿದರು; ಜಗಳ ಮುಗಿಯಿತು. ಮೂರು ವಾರದಿಂದ ಕೆಟ್ಟು ನಿಂತಿದ್ದ ಲಿಫ್ಟಿನ ಕಂಪನಿಯಿಂದ ಒಬ್ಬ ಮೆಕ್ಯಾನಿಕ್ ಬಂದು, ಎಂದಿನಂತೆ ತಲೆ ಕೆರೆದುಕೊಂಡು ಹೊರಟಾಗ, ಸೆಕ್ರೆಟರಿ ರಿಪೇರಿಯವರ ಅಂಗಿಯ ತೋಳು ಮಡಚಿ ಅವರನ್ನು ಅವನ ಎದುರು ನಿಲ್ಲಿಸಿದರು. “ಇವರು ಯಾರು ಗೊತ್ತಾ?” ಎಂದರು. ಅವನು ಆ ಕಿವಿಯನ್ನೊಮ್ಮೆ ನೋಡಿ, ಮರಳಿ ಲಿಫ್ಟಿನೊಳಗೆ ಹೋಗಿ, ಸಂಜೆಯೊಳಗೆ ಲಿಫ್ಟು ಓಡಿಸಿಕೊಟ್ಟ. ಅದು ಬಾಗಿಲಿನ ಹತ್ತಿರದ ಒಂದು ಸ್ವಿಚ್ಚಿನ ದೋಷವೆಂದು ರಿಪೇರಿಯವರಿಗೆ ಮೊದಲ ದಿನವೇ ಗೊತ್ತಿತ್ತು. ಆದರೆ ಮೂರು ವಾರದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ಬಾಮೈದನೂ ಬಂದ. ಹೆಂಡತಿಯ ತಮ್ಮ, ಪಕ್ಕದ ಊರಲ್ಲಿ ನೌಕರಿ. ಅಕ್ಕ ಹೋದ ಮೇಲೆ ಒಂದು ಫೋನೂ ಮಾಡದಿದ್ದವನು ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ತಂದುಕೊಂಡ.

“ಭಾವ, ನಾನೇನು ಹೊರಗಿನವನಾ? ಬಸ್ಸಲ್ಲಿ ಯಾರೋ ಹೇಳಿ ಗೊತ್ತಾಗ್ಬೇಕಾ? ಅಕ್ಕನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?”

“ಅವಳಿಗೂ ಗೊತ್ತಿರ್ಲಿಲ್ಲ ಕಣೋ,” ಎಂದರು ರಿಪೇರಿಯವರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

“ಕಟ್ಟಿಕೊಂಡ ಹೆಂಡತಿಗೂ ಹೇಳ್ಲಿಲ್ವಾ! ಇದಪ್ಪಾ ಗುಟ್ಟು ಅಂದ್ರೆ!” ಎಂದು ಅವನು ಇನ್ನಷ್ಟು ಬೆರಗಾದ. ಊಟ ಮಾಡಿ, ಅರ್ಧ ದಿನ ಮಾತಾಡಿ, ಮುಂದಿನ ಭಾನುವಾರವೂ ಬರುವುದಾಗಿ ಹೇಳಿ ಹೋದ. ಹೇಳಿದ ಹಾಗೆ ಬಂದ ಕೂಡ.

ಇದನ್ನು ಮೋಸ ಎನ್ನಬಹುದೇ? ರಿಪೇರಿಯವರು ಒಂದೇ ಒಂದು ಸುಳ್ಳನ್ನೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತಿದ್ದರು, ಪೂರ್ತಿ ಹೇಳುತ್ತಿರಲಿಲ್ಲ ಅಷ್ಟೆ. ಮೂರು ತಿಂಗಳಲ್ಲಿ ಒಂದು ದಿನವೂ ಸಂಜೆ ರೇಡಿಯೋ ಹಚ್ಚುವ ಅಗತ್ಯ ಬೀಳಲಿಲ್ಲ ಎಂಬುದನ್ನು ಮಾತ್ರ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

ಆಮೇಲೆ ಒಂದು ಮಧ್ಯಾಹ್ನ ಸೆಕ್ರೆಟರಿ ಮೂರು ಮಹಡಿಯನ್ನೂ ಓಡುತ್ತಾ ಹತ್ತಿ ಬಂದರು. ಲಿಫ್ಟು ಇದೆ ಎನ್ನುವುದೂ ಅವರಿಗೆ ಮರೆತಿತ್ತು.

“ಸಿಕ್ತು ಸಾರ್! ಆಸ್ಪತ್ರೆ ರೆಕಾರ್ಡ್ ರೂಮಲ್ಲಿ ಸಿಕ್ತು! ಅವತ್ತು ನಿಮ್ಮ ಕುಸ್ತೀನ ವೀಡಿಯೋ ತೆಗೆದಿದ್ರಂತೆ!” ಎಂದು ಒಂದು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. ಡಬ್ಬಿಯ ಮೇಲೆ ಮಾಸಿದ ಶಾಯಿಯಲ್ಲಿ ‘ಮಕ್ಕಳ ವಾರ್ಡಿನ ಸಹಾಯಾರ್ಥ’ ಎಂದು ಬರೆದಿತ್ತು. ಹಿಂದೆಯೇ ಒಂದು ಧೂಳು ಹಿಡಿದ ವಿಸಿಆರ್ ಕೂಡ ಬಂತು. “ನಮ್ಮ ಅಟ್ಟದ ಮೇಲಿತ್ತು. ಓಡ್ತಾ ಇಲ್ಲ. ಊರಲ್ಲಿ ಇದನ್ನ ಬಿಚ್ಚೋಕೆ ಬರೋದು ನಿಮಗೊಬ್ರಿಗೇ. ಭಾನುವಾರ ಬೆಳಿಗ್ಗೆ ಎಲ್ಲಾರೂ ಒಟ್ಟಿಗೆ ಕೂತು ನೋಡೋಣ. ಮರೀಬೇಡಿ, ಕುರ್ಚಿ ಅವರವರೇ ತರ್ಬೇಕು.”

 ಸೆಕ್ರೆಟರಿ ಹೋದ ಮೇಲೆ ರಿಪೇರಿಯವರು ವಿಸಿಆರ್ ಮುಚ್ಚಳ ಬಿಚ್ಚಿದರು. ಸವೆದು ಸಡಿಲಾದ ಒಂದು ರಬ್ಬರ್ ಬೆಲ್ಟು, ಟೇಪಿನಿಂದ ಚಿತ್ರ ಓದುವ ಹೆಡ್ಡಿಗೆ ಹಿಡಿದ ಕೊಳೆ, ಅಷ್ಟೆ. “ಬೆಲ್ಟು ಈಗ ಎಲ್ಲೂ ಸಿಗಲ್ಲ” ಎಂದು ಒಂದು ಮಾತು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದರು. ಯಾರು ಹೋಗಿ ಪರೀಕ್ಷೆ ಮಾಡುತ್ತಿದ್ದರು? ಆ ಮಾತನ್ನು ಎರಡು ಸಲ ಗೋಡೆಗೆ ಹೇಳಿ ಅಭ್ಯಾಸವನ್ನೂ ಮಾಡಿಕೊಂಡರು. ಹಾಗೆ ಹೇಳುತ್ತಿರುವಾಗಲೇ ಅವರ ಕೈ ಡಬ್ಬದಲ್ಲಿದ್ದ ಹಳೇ ಬೆಲ್ಟುಗಳಲ್ಲಿ ಸರಿಹೊಂದುವಂಥದ್ದನ್ನು ಹುಡುಕಿ ತೆಗೆದಿತ್ತು. ನಲವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ ಯಜಮಾನನ ಮಾತು ಕೇಳುವುದಿಲ್ಲ. ಅರ್ಧ ಗಂಟೆಯಲ್ಲಿ ಯಂತ್ರ ಓಡಿತು. ಕ್ಯಾಸೆಟ್ಟು ಹಾಕಿ ಟಿವಿಯ ಮುಂದೆ ಕೂತರು.

ಮೂವತ್ತೆರಡು ವರ್ಷದ ಹಿಂದೆ ಆ ದಿನ ಟೌನ್ ಹಾಲಿನಲ್ಲಿ ನಡೆದದ್ದು ಇಷ್ಟು. ರಿಪೇರಿಯವರೂ ಅವರ ಹೆಂಡತಿಯೂ ಕುಸ್ತಿ ನೋಡಲು ಹೋಗಿದ್ದರು. ಕೂತ ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ, ರಿಂಗಿನ ಮೈಕು ಸತ್ತಿತು. ಹಾಲಿನಲ್ಲಿ ಯಾರಾದರೂ ಮೆಕ್ಯಾನಿಕ್ ಇದ್ದೀರಾ ಎಂದು ಕೂಗಿದರು. ಇವರು ಚಂಗನೆ ಎದ್ದರು. “ಐದೇ ನಿಮಿಷ, ಜಾಗ ನೋಡ್ಕೋ” ಎಂದು ಹೆಂಡತಿಗೆ ಹೇಳಿ ಹೋದವರು ಬಂದದ್ದು ಜನವೆಲ್ಲ ಎದ್ದು ಹೊರಡುವಾಗ, ಕಿವಿ ಒತ್ತಿ ಹಿಡಿದುಕೊಂಡು. ತೊಲೆಯ ಕಥೆ ಹೇಳಲು ನಾಚಿಕೆಯಾಗಿ “ಬಾಗಿಲು ತಗುಲಿತು” ಎಂದರು. “ಹೌದಾ?” ಎಂದಳು ಅವಳು. ಕರ್ಚೀಫು ಬಿಚ್ಚಿ ಕಿವಿಗೆ ಕಟ್ಟಿದಳು. ದಾರಿಯುದ್ದಕ್ಕೂ ಅವಳು ಆಡಿದ್ದು ಇನ್ನೊಂದೇ ಮಾತು: “ಕುಸ್ತಿ ಚೆನ್ನಾಗಿತ್ತು. ನೀವು ಇರ್ಬೇಕಿತ್ತು.”

ಈಗ ಪರದೆಯ ಮೇಲೆ ಮುಸುಕಿನ ಗೂಳಿ ರಿಂಗಿಗೆ ಹಾರಿದ. ರಿಪೇರಿಯವರು ಅವನನ್ನು ನೋಡಿದ್ದು ಅದೇ ಮೊದಲು. ಗೋಡೆಯಂಥ ಆಳು. ಎರಡು ಸಣ್ಣ ಧಬ್. ಒಂದು ಸರ್‌ರ್. ಎಲ್ಲ ಅವರು ಹೇಳಿದ ಹಾಗೇ ಬಂತು. ಆಮೇಲೆ ಗೂಳಿ ರೋಡ್ ರೋಲರನ್ನು ಎತ್ತಿ ನೆಲಕ್ಕೆ ಬಡಿದ. ಧಡಾರ್! ಅದರ ಬೆನ್ನಿಗೇ ಹಾಲಿನ ಅಷ್ಟೂ ಸ್ಪೀಕರುಗಳಿಂದ ಒಂದು ಕೂಗು:

“ಅಯ್ಯಯ್ಯೋ! ನನ್ನ ಕಿವೀ!”

ರಿಪೇರಿಯವರಿಗೆ ತಮ್ಮ ದನಿ ತಿಳಿಯಿತು. ಆಗಷ್ಟೇ ಸರಿಮಾಡಿದ್ದ ಮೈಕು ಬಾಯಿಯ ಹತ್ತಿರವೇ ಇತ್ತಲ್ಲ. ಪರದೆಯ ಮೇಲೆ ಗೂಳಿ ನೆಟ್ಟಗೆ ನಿಂತಿದ್ದ, ರೋಡ್ ರೋಲರ್ ಮೊಣಕಾಲು ಹಿಡಿದು ಬಿದ್ದಿದ್ದ, ಯಾರ ಕಿವಿಗೂ ಏನೂ ಆಗಿರಲಿಲ್ಲ. ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಆ ನಗುವನ್ನು ತೋರಿಸಲು ಕ್ಯಾಮರಾ ಜನರ ಕಡೆ ತಿರುಗಿತು.

ಮೂರನೇ ಸಾಲಿನಲ್ಲಿ ಹಳದಿ ಸ್ವೆಟರಿನ ಒಬ್ಬ ಹೆಂಗಸು ಎದ್ದು ನಿಂತಿದ್ದಳು. ಸುತ್ತ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳೊಬ್ಬಳು ನಗುತ್ತಿರಲಿಲ್ಲ. ಆ ಕೂಗು ಎಲ್ಲಿಂದ ಬಂತೆಂದು ಕತ್ತು ಚಾಚಿ ಹುಡುಕುತ್ತಿದ್ದಳು. ಹುಡುಕುತ್ತಿದ್ದರೂ ಅವಳ ಒಂದು ಕೈ ಪಕ್ಕದ ಖಾಲಿ ಕುರ್ಚಿಯ ಮೇಲೇ ಇತ್ತು. ಹಿಂದಿನಿಂದ ಯಾರೋ ಬಂದು ಆ ಕುರ್ಚಿ ಕೇಳಿದ. ತಿರುಗಿಯೂ ನೋಡದೆ ತಲೆಯಾಡಿಸಿದಳು. ತುಟಿ ಅಲುಗಿತು: ಜನ ಇದ್ದಾರೆ.

ಎಂಟು ಸೆಕೆಂಡು. ಕ್ಯಾಮರಾ ರಿಂಗಿಗೆ ಮರಳಿತು.

ಅವಳಿಗೆ ಗೊತ್ತಿತ್ತು. ಬಾಗಿಲು ತಗುಲಿತು ಎಂದಾಗ ಹೌದಾ ಎಂದವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತಾರು ವರ್ಷ ಅದರ ಬಗ್ಗೆ ಒಂದು ಮಾತೂ ಆಡದೆ ಹೋದಳು. ರಿಪೇರಿಯವರು ಟಿವಿಯ ಮುಂದೆ ಕೂತು, ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು, ಜೋರಾಗಿಯೇ ಅತ್ತರು.

ಅತ್ತಾದ ಮೇಲೆ ಕಸುಬಿನವರ ಹಾಗೆ ಹೆಡ್ಡು ಬಿಚ್ಚಿ ನೋಡಿದರು. ಕಂದು ಪುಡಿ ಉದುರಿತ್ತು. ಕ್ಯಾಸೆಟ್ಟು ಹಳೆಯದು, ಓಡಿಸಿದಷ್ಟೂ ಚಿತ್ರ ಪುಡಿಯಾಗಿ ಉದುರುತ್ತದೆ. ಓಡಿಸಿದರಾದರೂ ವಾಸಿ, ನಡುವೆ ನಿಲ್ಲಿಸಿ ಇಟ್ಟರೆ ಹೆಡ್ಡು ಆ ಒಂದೇ ಜಾಗವನ್ನು ಗರಗರನೆ ಉಜ್ಜಿ ಕೆರೆದುಹಾಕುತ್ತದೆ. ಒಂದು ಚೀಟಿಯಲ್ಲಿ ‘ಮುಟ್ಟಬಾರದು’ ಎಂದು ಬರೆದು, ನಿಲ್ಲಿಸುವ ಗುಂಡಿಯ ಮೇಲೆ ಅಂಟಿಸಿದರು.

ಕ್ಯಾಸೆಟ್ಟನ್ನು ಬಚ್ಚಿಟ್ಟುಕೊಂಡು ಒಬ್ಬರೇ ನೋಡಬಹುದಿತ್ತು. ಹಾಗೆ ಮಾಡಿದ್ದರೆ ಗೂಳಿಯ ಪಟ್ಟವೂ ಉಳಿಯುತ್ತಿತ್ತು, ಸಂಜೆಯ ಜನವೂ ಉಳಿಯುತ್ತಿದ್ದರು. ಆದರೆ ಈ ಕಟ್ಟಡದಲ್ಲಿ ಅವಳನ್ನು ನೋಡಿದವರು ಒಬ್ಬರೂ ಇರಲಿಲ್ಲ. ಅವಳ ಬಗ್ಗೆ ಮಾತು ತೆಗೆದರೆ ಯಾರ ಮುಖದಲ್ಲೂ ಏನೂ ಮೂಡುತ್ತಿರಲಿಲ್ಲ. ಅವಳು ಎಂಥವಳೆಂದು ನಾಲ್ಕು ಜನ ನೋಡಬೇಕು ಎಂದು ಅವರಿಗೆ ತಡೆಯಲಾರದಷ್ಟು ಆಸೆಯಾಯಿತು. ಭಾನುವಾರ ಎರಡೂ ಕುರ್ಚಿಗಳನ್ನು ಎತ್ತಿಕೊಂಡು ಲಿಫ್ಟು ಹತ್ತಿದರು.

ಸಂಘದ ಕೋಣೆ ತುಂಬಿತ್ತು. ಸ್ಟೂಲು, ಬೆತ್ತದ ಕುರ್ಚಿ, ಊಟದ ಮೇಜಿನ ಕುರ್ಚಿ, ಹೀಗೆ ಪ್ರತಿಯೊಬ್ಬರೂ ತಂತಮ್ಮ ಮನೆಯದನ್ನು ಹೊತ್ತು ತಂದಿದ್ದರು. ಬಾಮೈದ ಮುಂದಿನ ಸಾಲಿನಲ್ಲಿದ್ದ. ಅಂಗಡಿಯಿಂದ ನೇರ ಬಂದ ಅಳಿಯನಿಗೆ ಕುರ್ಚಿ ಇರಲಿಲ್ಲ. ದಿನವೆಲ್ಲ ನಿಂತೇ ಕೆಲಸ ಮಾಡುವವನಾದ್ದರಿಂದ ಗೋಡೆಗೊರಗಿ ನಿಂತ. ಸೆಕ್ರೆಟರಿ ರಿಪೇರಿಯವರ ಪಕ್ಕದ ಕುರ್ಚಿಗೆ ಕೈಹಾಕಿದರು.

“ಅಲ್ಲಿ ಜನ ಇದ್ದಾರೆ,” ಎಂದರು ರಿಪೇರಿಯವರು.

ಕುಸ್ತಿ ಶುರುವಾಯಿತು. ಮುಸುಕಿನ ಗೂಳಿ ರಿಂಗಿಗೆ ಹಾರಿದಾಗ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ಎಲ್ಲರೂ ಒಮ್ಮೆ ಪರದೆಯನ್ನೂ ಒಮ್ಮೆ ರಿಪೇರಿಯವರನ್ನೂ ನೋಡಿದರು. ಪರದೆಯಲ್ಲಿದ್ದವನು ಇವರಿಗಿಂತ ಒಂದು ಮೊಳ ಎತ್ತರವಿದ್ದ.

“ವಯಸ್ಸಾದ ಮೇಲೆ ಎಲ್ಲಾರೂ ಕುಗ್ಗೋದೇ,” ಎಂದರು ಟೀಚರಮ್ಮ, ವಿಜ್ಞಾನದ ಪಾಠ ಮಾಡುವ ದನಿಯಲ್ಲಿ.

“ಎಡಗೈಯಲ್ಲಿ ಹೊಡೀತಿದ್ದಾರಲ್ಲ, ಭಾವ ಬಲಗೈ,” ಎಂದ ಬಾಮೈದ.

“ಅದೇ ಪಟ್ಟು! ಎದುರಾಳೀನ ಏಮಾರಿಸೋಕೆ!” ಎಂದ ಅಳಿಯ.

ಗೂಳಿಯ ಬಲದೋಳಿನ ಮೇಲೆ ಅಂಗೈಯಗಲದ ಹಚ್ಚೆ ಕಂಡಿತು. ಎಲ್ಲರ ಕಣ್ಣೂ ರಿಪೇರಿಯವರ ಬೋಳು ತೋಳಿನ ಮೇಲೆ ಬಿತ್ತು.  “ಒಳ್ಳೇ ಸೋಪು ಹಾಕಿ ತೊಳೆದಿದ್ದಾರೆ,” ಎಂದು ಸೆಕ್ರೆಟರಿ ತೀರ್ಮಾನ ಕೊಟ್ಟರು. ನಂಬಬೇಕೆಂದು ಹಟ ಹಿಡಿದ ಜನರ ಕಿವಿಯ ಮೇಲೆ ಹೂವಿಡುವ ಕೆಲಸ ಬೇರೆಯವರಿಗೆ ಇರುವುದಿಲ್ಲ. ಅವರೇ ಕಿತ್ತು ತಂದು ಮುಡಿದುಕೊಳ್ಳುತ್ತಾರೆ.

ಎರಡು ಧಬ್. ಒಂದು ಸರ್‌ರ್. ಧಡಾರ್!

“ಅಯ್ಯಯ್ಯೋ! ನನ್ನ ಕಿವೀ!”

ಸಂಘದ ಕೋಣೆ ನಕ್ಕಿತು. ಪರದೆಯೊಳಗಿನ ಹಾಲೂ ನಕ್ಕಿತು. ಕ್ಯಾಮರಾ ಜನರ ಕಡೆ ತಿರುಗಿತು. ರಿಪೇರಿಯವರು ಎದ್ದರು. ನೋಡಿ, ನೋಡಿ ಎಂದರು. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. ಎಂಟೇ ಸೆಕೆಂಡು. ಇನ್ನೇನು ಹೋಗಿಬಿಡುತ್ತದೆ. ಅವರು ನುಗ್ಗಿ, ತಾವೇ ಅಂಟಿಸಿದ್ದ ಚೀಟಿಯನ್ನು ಕಿತ್ತು, ತಾವೇ ಮುಟ್ಟಬಾರದೆಂದ ಗುಂಡಿಯನ್ನು ಒತ್ತಿದರು.

ಚಿತ್ರ ನಡುಗುತ್ತಾ ನಿಂತಿತು. ನಗುವೂ ನಿಂತಿತು.

“ಇವಳು ನನ್ನ ಹೆಂಡತಿ,” ಎಂದರು ರಿಪೇರಿಯವರು.

“ಅಕ್ಕಾ!” ಎಂದು ಬಾಮೈದ ಎದ್ದೇ ಬಿಟ್ಟ.

ಸೆಕ್ರೆಟರಿ ಪರದೆಯ ಹತ್ತಿರ ಬಂದು ಕನ್ನಡಕ ಏರಿಸಿದರು. “ಪಕ್ಕದ ಕುರ್ಚಿ ಖಾಲಿ ಇದೆ! ಯಾರದ್ದು ಅದು? ಇವರದ್ದು! ಇವರೆಲ್ಲಿ? ರಿಂಗಲ್ಲಿ! ಇದಕ್ಕಿಂತ ಸಾಕ್ಷಿ ಬೇಕಾ?” ಮತ್ತೆ ಚಪ್ಪಾಳೆ ಬಿತ್ತು.

ತಪ್ಪಿಸಿಕೊಳ್ಳಲು ಇಷ್ಟು ಅಗಲದ ದಾರಿ ಯಾರಿಗೂ ಸಿಕ್ಕುವುದಿಲ್ಲ. ರಿಪೇರಿಯವರು ಆ ದಾರಿಯಲ್ಲಿ ಹೋಗಲಿಲ್ಲ.

“ರಿಂಗಲ್ಲಿ ಇರ್ಲಿಲ್ಲ. ರಿಂಗಿನ ಕೆಳಗಿದ್ದೆ,” ಎಂದರು.

“ದೊಡ್ಡವರು ಹೀಗೇ, ಹೇಳಿಕೊಳ್ಳಲ್ಲ...”

“ರೀ, ಸುಮ್ನೆ ಕೇಳ್ರೀ!” ಎಂದು ಅವರು ಕೂಗಿದರು. ಆರು ವರ್ಷ ಮೂರು ತಿಂಗಳಲ್ಲಿ ಅವರು ದನಿ ಎತ್ತಿದ್ದು ಅದೊಂದೇ ಸಲ. “ಕೂಗಿದ್ದು ಯಾರು? ಗೂಳಿ ನೆಟ್ಟಗೆ ನಿಂತಿದ್ದಾನೆ. ರೋಡ್ ರೋಲರ್ ಕಾಲು ಹಿಡ್ಕೊಂಡಿದ್ದಾನೆ. ಕಿವಿ ಯಾರದ್ದು? ನಂದು! ಹಲಗೆ ಕೆಳಗೆ ಮೈಕು ಸರಿಮಾಡ್ತಾ ಬಿದ್ದಿದ್ದೆ. ತೊಲೆ ಬಡೀತು. ನಾನು ಯಾವ ಗೂಳೀನೂ ಅಲ್ಲ. ಕುಸ್ತೀನ ನೋಡೇ ಇಲ್ಲ. ಊರಿಗೆ ಊರೇ ನಗ್ತಿದ್ದಾಗ ಇವಳೊಬ್ಬಳಿಗೆ ಅದು ನನ್ನ ದನಿ ಅಂತ ಗೊತ್ತಾಯ್ತು. ಎದ್ದು ನಿಂತಳು. ನನಗೆ ಜಾಗ ಹಿಡಿದಿದ್ದಳಲ್ಲ, ಆ ಕೈ ತೆಗೀಲಿಲ್ಲ ನೋಡಿ. ಅದನ್ನ ನಿಮಗೆಲ್ಲ ತೋರಿಸ್ಬೇಕಿತ್ತು. ಅಷ್ಟೇ.”

ಯಂತ್ರದೊಳಗೆ ಹೆಡ್ಡು ಗರಗರ ಎನ್ನುತ್ತಿತ್ತು. ಟೇಪು ಕೆರೆದುಹೋಗುವ ಸದ್ದು ಅದು. ನಲವತ್ತು ವರ್ಷ ಕೇಳಿದ ಸದ್ದು. ಈಗ ಮಾತ್ರ ಅವರ ಕಿವಿಗೆ ಬೀಳಲಿಲ್ಲ.

“ಹಾಗಾದ್ರೆ ಲಿಫ್ಟಿನವನ ಮುಂದೆ ನಾನು ನಿಲ್ಲಿಸಿದ್ದು ಯಾರನ್ನ?” ಎಂದರು ಸೆಕ್ರೆಟರಿ, ಮೆಲ್ಲಗೆ.

“ಲಿಫ್ಟು ರಿಪೇರಿ ಬರೋ ಒಬ್ಬನನ್ನ,” ಎಂದರು ರಿಪೇರಿಯವರು.

ಸೆಕ್ರೆಟರಿಗೆ ಇದು ಸಮಾಧಾನ ತರಲಿಲ್ಲ. ಸಂಘದ ಗೌರವ ಎಂದು ಏನೋ ಶುರುಮಾಡಿ, ಮುಗಿಸದೆ, ತಮ್ಮ ಮಡಚುವ ಕುರ್ಚಿಯನ್ನು ಟಪ್ಪನೆ ಮಡಚಿದರು. ಅದೊಂದು ಸನ್ನೆಯಾದಂತಾಯಿತು. ಒಬ್ಬೊಬ್ಬರೂ ಎದ್ದು ತಂತಮ್ಮ ಕುರ್ಚಿ ಎತ್ತಿಕೊಂಡರು. “ಮೂರು ತಿಂಗಳು ಕಾಫಿ ಕೊಟ್ಟೆ,” ಎಂದು ಟೀಚರಮ್ಮ ಯಾರಿಗೂ ಅಲ್ಲದಂತೆ ಹೇಳಿ ಸ್ಟೂಲು ಹೊತ್ತು ನಡೆದರು. ಬಾಮೈದ ಮಾತ್ರ ಪರದೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದ.

“ಭಾವ, ಆಫೀಸಲ್ಲೆಲ್ಲ ಹೇಳಿಬಿಟ್ಟಿದ್ದೀನಿ. ಈಗ ಏನು ಹೇಳ್ಲಿ?”

“ನಿಮ್ಮಕ್ಕನ್ನ ನೋಡಿದೆ ಅಂತ ಹೇಳು.”

ಅವನು ತಲೆಯಾಡಿಸಿದ. ಬಸ್ಸಿಗೆ ಹೊತ್ತಾಯಿತು ಎಂದ. ಹೋದ.

ಕೋಣೆಯಲ್ಲಿ ಎರಡು ಕುರ್ಚಿ ಉಳಿದವು. ಎರಡೂ ರಿಪೇರಿಯವರವೇ. ಅವರು ಒಂದರಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ಗೋಡೆಯ ಕಡೆಯಿಂದ ಕೆಮ್ಮಿದ ಸದ್ದಾಯಿತು. ಎತ್ತಿಕೊಂಡು ಹೋಗಲು ಕುರ್ಚಿಯಿಲ್ಲದ ಅಳಿಯ ಇನ್ನೂ ಅಲ್ಲೇ ನಿಂತಿದ್ದ.

“ನಿನಗೆ ಮೊದಲ ದಿನವೇ ಹೇಳ್ಬೇಕಿತ್ತಪ್ಪ,” ಎಂದರು ರಿಪೇರಿಯವರು.

“ಹೇಗೆ ಹೇಳ್ತೀರಾ ಸಾರ್, ಬಾಯಿಗೆ ನೊರೆ ತುಂಬಿದ್ದು ನಾನೇ ಅಲ್ವಾ,” ಎಂದ ಅಳಿಯ. ಆಮೇಲೆ ಕೇಳಿದ: “ಹಾಗಾದ್ರೆ ಗೂಳಿ ಯಾರು?”

“ಗೊತ್ತಿಲ್ಲ ಕಣಪ್ಪ. ಅವನ ಭಾರ ಮಾತ್ರ ಗೊತ್ತು.”

ಅಳಿಯ ನಕ್ಕ. ಖಾಲಿ ಕುರ್ಚಿಯ ಹತ್ತಿರ ಬಂದು ನಿಂತ. “ಇಲ್ಲಿ ಯಾರಾದ್ರೂ ಬರ್ತಾರಾ ಸಾರ್?”

ರಿಪೇರಿಯವರು ಕುರ್ಚಿಯ ಮೇಲಿಟ್ಟಿದ್ದ ಕೈ ತೆಗೆದರು. “ಕೂತ್ಕೋ. ಮೊದಲಿಂದ ಹಾಕ್ತೀನಿ. ನಾನೂ ಸರಿಯಾಗಿ ನೋಡಿಲ್ಲ.”

ಇಬ್ಬರೂ ಮೊದಲಿನಿಂದ ನೋಡಿದರು. ಅಳಿಯ ಪಟ್ಟುಗಳ ಹೆಸರು ಹೇಳುತ್ತಾ ಹೋದ, ರಿಪೇರಿಯವರು ಮುಂದೆ ಬರುವ ಸದ್ದನ್ನು ಮೊದಲೇ ಹೇಳುತ್ತಾ ಹೋದರು. ಎರಡು ಧಬ್. ಒಂದು ಸರ್‌ರ್. ಧಡಾರ್. ಅಯ್ಯಯ್ಯೋ, ನನ್ನ ಕಿವೀ. ಕ್ಯಾಮರಾ ಜನರ ಕಡೆ ತಿರುಗಿತು.

ಪರದೆಯ ತುಂಬ ಬಿಳಿ ಗೆರೆಗಳು ಬಂದವು. ಅಷ್ಟು ಹೊತ್ತು ನಿಲ್ಲಿಸಿಟ್ಟ ಜಾಗ. ಕೆರೆದು ಹೋಗಿತ್ತು. ಗೆರೆಗಳೊಳಗಿಂದ ಜನ ನಗುವುದು ಮಾತ್ರ ಕೇಳುತ್ತಿತ್ತು. ಹಾಗಾಗುತ್ತದೆಂದು ಊರಿನಲ್ಲಿ ಗೊತ್ತಿದ್ದವರು ಒಬ್ಬರೇ, ಮಾಡಿದವರೂ ಅವರೇ. ರಿಪೇರಿಯವರು ಯಂತ್ರದ ಕಡೆ ಏಳಲೂ ಇಲ್ಲ. ಎದ್ದು ಸರಿಮಾಡುವಂಥದ್ದು ಏನೂ ಇರಲಿಲ್ಲ.

“ಇಲ್ಲೇ ಸಾರ್,” ಎಂದ ಅಳಿಯ, ಗೆರೆಗಳ ನಡುವೆ ಬೆರಳು ತೋರಿಸಿ. “ಇಲ್ಲೇ ಎದ್ದು ನಿಂತಿದ್ರು. ಹಳದಿ ಸ್ವೆಟರು. ಎಲ್ಲಾರೂ ನಗ್ತಿದ್ರು, ಅವರೊಬ್ರು ನಗ್ಲಿಲ್ಲ. ಯಾರೋ ಬಂದು ಕುರ್ಚಿ ಕೇಳಿದ್ರು, ಕೊಡ್ಲಿಲ್ಲ. ಕೈ ಅಲ್ಲೇ ಇತ್ತು ಸಾರ್. ನಾನು ನೋಡ್ದೆ.”

“ಇನ್ನೊಂದ್ಸಲ ಹೇಳಪ್ಪ,” ಎಂದರು ರಿಪೇರಿಯವರು.

ಅಳಿಯ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ಮೊದಲಿನಿಂದ ಹೇಳಿದ.